ಮೂಗಿಗೆ ಇಟ್ಟ ಇಂಗು

ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ದೇವರ ಮೇಲೆ ಎಷ್ಟು ನಂಬಿಕೆ ಇತ್ತೋ ನನಗೆ ಗೊತ್ತಿಲ್ಲ. ಇಂಗಿನ ಮೇಲೆ ಮಾತ್ರ ಪೂರಾ ಇತ್ತು. ಕುರಿಯ ಹೊಟ್ಟೆ ಉಬ್ಬಿದರೆ ಮಜ್ಜಿಗೆಯಲ್ಲಿ ಇಂಗು, ನಮ್ಮ ಹೊಟ್ಟೆ ನೊಂದರೆ ಬೆಲ್ಲದಲ್ಲಿ ಇಂಗು, ಚೇಳು ಕಡಿದರೆ ತೇಯ್ದು ಹಚ್ಚಲು ಇಂಗು. ಜತ್ತದ ಸಂತೆಯಿಂದ ತಂದ ಗಟ್ಟಿ ಅವಳ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೇ ಇರುತ್ತಿತ್ತು. ಅವಳು ಹತ್ತು ಮಾರು ದೂರ ಇದ್ದಾಗಲೇ ವಾಸನೆ ಬಡಿದು, ನಾವು ಆಟ ಬಿಟ್ಟು ಕೆಲಸ ಹಿಡಿಯುತ್ತಿದ್ದೆವು.

ಇಂಗೆಂದರೆ ಏನೋ ಕಲ್ಲಿನ ಜಾತಿ ಎಂದೇ ನಾನು ತಿಳಿದಿದ್ದೆ. ಅದು ಗಿಡದ್ದು ಎಂದು ಹೇಳಿದವರು ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಶಾಲೆಯ ಮಾಸ್ತರರು. ಕಾಬೂಲಿನ ಕಡೆಯ ಒಣ ಗುಡ್ಡಗಳಲ್ಲಿ ಯಾರೂ ಬಿತ್ತದೆ ಬೆಳೆಯುತ್ತದಂತೆ, ನಮ್ಮ ಗಜ್ಜರಿ, ಕೊತ್ತಂಬರಿಯ ಬಳಗವಂತೆ. ನಾಲ್ಕೈದು ವರ್ಷ ಬೇರು ದಪ್ಪವಾಗಲು ಬಿಟ್ಟು, ಆಮೇಲೆ ಅದರ ತಲೆ ಕತ್ತರಿಸುತ್ತಾರಂತೆ. ಗಾಯದಿಂದ ಹಾಲು ಒಸರುತ್ತದೆ. ಒಣಗಿದ್ದನ್ನು ಕೆರೆದುಕೊಂಡು ಮತ್ತೆ ಕೊಯ್ಯುತ್ತಾರೆ, ಬೇರು ಬತ್ತುವವರೆಗೂ ಕೊಯ್ಯುತ್ತಾರೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಾಸ್ತರರಿಗೆ ಚಹಾ ಕೊಡುವುದನ್ನೂ ಮರೆತೆ.

ಉರಿಯಲು ಕಾರಣವಿತ್ತು. ನಾವು ಕುರಿ ಕಾಯುವವರು. ಸೋನ್ಯಾಳ, ಕರಜಗಿ ಸೀಮೆಯ ಹೊಲಗಳೇ ನಮ್ಮ ಹಿಂಡಿಗೆ ಆಸರೆ. ಜತ್ತ ಸಂಸ್ಥಾನ ಹೋಗಿ ಹೊಸ ಸರಕಾರ ಬಂದ ಮರುವರ್ಷದ ಮಾತು. ನನಗೆ ಒಂಬತ್ತು ವರ್ಷ.

ತಾಯಿ ಸತ್ತ ಮರಿಯನ್ನು ಬೇರೆ ಕುರಿಯ ಮುಂದೆ ಬಿಟ್ಟರೆ ಅದು ಮೂಸಿ ನೋಡುತ್ತದೆ, ತನ್ನದಲ್ಲ ಎಂದು ತಿಳಿದರೆ ಗುದ್ದಿ ಕೆಡವುತ್ತದೆ. ಇದಕ್ಕೆ ಆಯಿಯ ಮದ್ದು ಒಂದೇ. ಮರಿ ಕಳೆದುಕೊಂಡ ಕುರಿಯನ್ನು ಗೂಟಕ್ಕೆ ಬಿಗಿದು, ಎರಡೂ ಹೊಳ್ಳೆಗೆ ನೆನೆಸಿದ ಇಂಗು ತುರುಕಿ, ಅದೇ ಇಂಗನ್ನು ತಬ್ಬಲಿ ಮರಿಯ ಬೆನ್ನಿಗೂ ಬಾಲಕ್ಕೂ ಬಳಿಯುವುದು. ವಾಸನೆಯ ಗುರುತು ತಪ್ಪಿದ ಕುರಿ ಸೋತು ಹಾಲು ಬಿಡುತ್ತಿತ್ತು. ಒದೆಯದಂತೆ ಹಿಂಗಾಲು ಹಿಡಿಯುವ ಕೆಲಸ ನನ್ನದು. "ಕುರಿಗೆ ತಾಯ್ತನ ಮೂಗಿನಾಗ ಇರತೈತಿ" ಎನ್ನುತ್ತ ಆಯಿ ಅದಕ್ಕೆ ನಾಲ್ಕು ಏಟನ್ನೂ ಕೊಡುತ್ತಿದ್ದಳು. ಆ ಬೇಸಿಗೆಯಲ್ಲಿ ಒಂದು ಕರಿಕುರಿ ಗೂಟ ಕಿತ್ತುಕೊಂಡು ಬಂದು ಇಂಗು ಬಳಿದ ಮರಿಯನ್ನು ಮುಳ್ಳುಬೇಲಿಗೆ ಒತ್ತಿ ಒತ್ತಿ ಕೊಂದಿತು. ಪಕ್ಕೆಲುಬು ಮುರಿಯುವ ಸದ್ದು ನಾನು ಕಿವಿಯಾರೆ ಕೇಳಿದೆ.

ಅದಾದ ತಿಂಗಳೊಳಗೆ ನನ್ನ ಅವ್ವ ಗಂಡುಕೂಸು ಹೆತ್ತು ತೀರಿಕೊಂಡಳು. ಅದಕ್ಕೆ ಐದು ದಿನ ಮೊದಲು ಕಾಕಾನ ಹೆಂಡತಿ, ನನ್ನ ಚಿಗವ್ವ, ಹೆತ್ತಿದ್ದ ಕೂಸು ಉಸಿರಾಡಲೇ ಇಲ್ಲ. ಆಯಿ ಅದರ ಮುಖವನ್ನೂ ತೋರಿಸದೆ ಕಂಬಳಿಯಲ್ಲಿ ಸುತ್ತಿ ಹಳ್ಳದ ದಂಡೆಗೆ ಒಯ್ದು ಮಣ್ಣು ಮಾಡಿ ಬಂದಿದ್ದಳು. ಚಿಗವ್ವನಿಗೆ ಹದಿನೆಂಟು ಇದ್ದೀತು. ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದಿರಲಿಲ್ಲ. ಹಾಲು ಕಟ್ಟಿ ಅವಳ ಕುಪ್ಪಸ ತೊಯ್ದಿರುತ್ತಿತ್ತು.

ತಮ್ಮನಿಗೆ ಬತ್ತಿಯಲ್ಲಿ ಹಿಂಡಿದ ಆಡಿನ ಹಾಲು ನಿಲ್ಲಲಿಲ್ಲ, ಎಲ್ಲ ವಾಂತಿ. ಎರಡು ದಿನ ಅತ್ತ. ಆಯಿ ಎರಡು ಸಲ ಅವನನ್ನು ಚಿಗವ್ವನ ಮಗ್ಗುಲಿಗೆ ಹಾಕಿದಳು, ಚಿಗವ್ವ ಎರಡು ಸಲವೂ ಮೊಣಕೈಯಿಂದ ದೂಡಿದಳು. ಮೂರನೆಯ ದಿನ ಮಧ್ಯಾಹ್ನ ಅವನ ಅಳು ಸಣ್ಣಗಾಯಿತು. ಅಪ್ಪ, ಕಾಕಾ ಇಬ್ಬರೂ ಕುರಿಯ ಜೊತೆ ಯಳವಿಯ ಕಡೆ ಹೋಗಿದ್ದರು, ಹಿಂಡು ಸೂತಕಕ್ಕೆ ಕಾಯುವುದಿಲ್ಲ. ಆಯಿ ಕದ ಹಾಕಿ ಕಲ್ಲಿನ ಮೇಲೆ ಇಂಗು ತೇಯ್ದಳು. ಅದನ್ನು ತಮ್ಮನ ಬೆನ್ನಿಗೆ ಬಳಿಯತೊಡಗಿದಾಗ ನನಗೆ ಅವಳ ಲೆಕ್ಕಾಚಾರ ತಿಳಿಯಿತು.

"ಬಾ, ಕಾಲ ಹಿಡಿ" ಎಂದಳು.

ಹಿಡಿದೆ. ತಮ್ಮ ಸಾಯುತ್ತಾನೆ ಎಂಬ ಹೆದರಿಕೆಯಲ್ಲಿ ಮೈಭಾರವನ್ನೆಲ್ಲ ಚಿಗವ್ವನ ಪಾದದ ಗಂಟಿನ ಮೇಲೆ ಹಾಕಿ ಹಿಡಿದೆ. ಆಯಿ ಅವಳ ಕೂದಲನ್ನು ಮೊಣಕಾಲಡಿ ಒತ್ತಿ, ಕೆನ್ನೆಗೆ ಎರಡು ಬಾರಿಸಿ, ಮೂಗಿನೊಳಗೆ ಬೆರಳು ತುರುಕಿದಳು. ಚಿಗವ್ವ ಕಿರುಚಿದಳು, ಸೀನಿದಳು, ಮೂಗಿನಿಂದ ರಕ್ತ ಬಂತು. ಮರುಗಳಿಗೆ ಆ ಬೆರಳು ಅವಳ ಹಲ್ಲಿನ ನಡುವೆ ಇತ್ತು. ನನ್ನ ಬಾಯಿಗೆ ಬಿದ್ದ ಒದೆಗೆ ಮುಂದಿನ ಹಲ್ಲು ಉದುರಿತು. ಎದ್ದವಳೇ ತೇಯುವ ಕಲ್ಲೆತ್ತಿ ಆಯಿಯ ಹೆಗಲಿಗೆ ಅಪ್ಪಳಿಸಿದಳು. ಆಯಿ ಗೋಡೆಗೆ ಬಡಿದು ಕುಸಿದಳು.

"ನಾ ಕುರಿ ಏನ?" ಚಿಗವ್ವ ಕೂಗಿದಳು. ಅತ್ತೆಯನ್ನು ಅಂದಿನವರೆಗೆ ಏಕವಚನದಲ್ಲಿ ಕರೆದವಳಲ್ಲ. "ನನ್ನ ಕೂಸಿನ ಮಾರಿ ತೋರಸಲಿಲ್ಲ ನೀ. ಹೆಣ್ಣೋ ಗಂಡೋ ಅದೂ ಹೇಳಲಿಲ್ಲ. ಈಗ ಮೂಗಿಗೆ ಇಂಗ ಇಡಾಕ ಬಂದಿ?"

ಆಯಿ ಕಚ್ಚಿದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಹೆಣ್ಣು" ಎಂದಳು. "ತಲಿತುಂಬ ಕೂದಲಿತ್ತು."

ಚಿಗವ್ವ ಕಲ್ಲು ಕೆಳಗಿಟ್ಟಳು. ಮೂಗು ಒರೆಸಿಕೊಂಡು ನನ್ನ ಕಡೆ ನೋಡದೆಯೇ ಹೇಳಿದಳು: "ಮದಲ ಅವನ ಮೈ ತೊಳಿ. ಆ ನಾತ ನನಗ ಬ್ಯಾಡ. ತೊಳದು ಇಲ್ಲಿ ಕೊಡು."

ನನ್ನ ಬಾಯಿಯ ರಕ್ತ ತೊಟ್ಟಿಕ್ಕುತ್ತಿದ್ದ ಹಾಗೆಯೇ ತೊಳೆದು ಕೊಟ್ಟೆ. ಅವಳು ಹಲ್ಲು ಕಚ್ಚಿಕೊಂಡು ಹಾಲೂಡಿದಳು. "ಇನ್ನ ಇವನ್ನ ನೀ ಮುಟ್ಟಿದ್ರ ಇನ್ನೊಂದ ಕೈನೂ ಮುರೀತೀನಿ" ಎಂದು ಆಯಿಗೆ ಹೇಳಿದಳು. ಆಯಿ ಸಾಯುವವರೆಗೂ ಮುಟ್ಟಲಿಲ್ಲ. ಹೆಗಲು ಸೊಟ್ಟಗಾದ ಮುದುಕಿ ಹೊಸ್ತಿಲಾಚೆ ಕುಳಿತು ಮೊಮ್ಮಗನ ಆಟ ನೋಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ಕೆನ್ನುತ್ತಿತ್ತು.

ಅದಾಗಿ ಏಳು ವರ್ಷಗಳ ಮೇಲೆ ನನ್ನ ಮದುವೆಯಾಯಿತು. ಗಂಡನ ಮನೆಗೆ ಹೊರಡುವ ದಿನ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಬಂದೆ. ಚಿಗವ್ವನೇ ನನಗೆ ಎಣ್ಣೆ ಹಚ್ಚಿ ಎರೆದು, ಸೀರೆ ಉಡಿಸಿ, ಹೂ ಮುಡಿಸಿದ್ದಳು. ತಮ್ಮ "ಅವ್ವಾ" ಎನ್ನುತ್ತ ಅವಳ ಸೆರಗು ಹಿಡಿದು ನಿಂತಿದ್ದ. ನಾನು ಬಗ್ಗಿ, ಅಂದು ಒತ್ತಿ ಹಿಡಿದಿದ್ದ ಅವಳ ಎರಡೂ ಪಾದಕ್ಕೆ ಕೈ ಹಚ್ಚಿದೆ.

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ತಮ್ಮ ಜೋಲಿ ತಪ್ಪಿ ಬಿದ್ದ.

"ಮುಟ್ಟಬ್ಯಾಡವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಂದನ ಮಾಡು."

ನಾನು ಎರಡು ಹೆಜ್ಜೆ ಹಿಂದೆ ಸರಿದು, ನೆಲಕ್ಕೆ ನಮಸ್ಕಾರ ಮಾಡಿ, ಬಂಡಿ ಹತ್ತಿದೆ.