ಕೆಸರಕ್ಕ ಕಲಸದ ಸಿಮೆಂಟು

ನಿಮ್ಮ ಕಾಲ ಕೆಳಗಿನ ನೆಲ ಬಿಸಿಯಾಗಿದೆ. ಒಂದೊಂದು ಕಿಲೋಮೀಟರ್ ಆಳಕ್ಕಿಳಿದಂತೆ ಇಪ್ಪತ್ತೈದು ಮೂವತ್ತು ಡಿಗ್ರಿ ಏರುತ್ತದೆ, ಕೆಲವು ಕಡೆ ಅದಕ್ಕೂ ಹೆಚ್ಚು. ಆ ಬಿಸಿಯಿಂದ ವಿದ್ಯುತ್ ತೆಗೆಯಬಹುದೆಂದು ತಿಳಿದು ನೂರು ವರ್ಷ ದಾಟಿದೆ. ಇದು ಶಾಲೆಯ ಪುಸ್ತಕದಲ್ಲೇ ಇತ್ತು. ಪರೀಕ್ಷೆ ಮುಗಿದ ಮರುದಿನ ನೀವು ಮರೆತಿರಿ.

ಕೆಸರಕ್ಕ ಮರೆತಿರಲಿಲ್ಲ. ಆ ಪುಸ್ತಕವನ್ನು ಅವಳು ಓದಿಯೇ ಇರಲಿಲ್ಲ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆಳದ ಬಾವಿ ಕೊರೆಯುವಾಗ ಜೇಡಿಮಣ್ಣು, ನೀರು ಸೇರಿಸಿ ತೆಳ್ಳಗಿನ ಕೆಸರು ಮಾಡಿ ಕೊಳವೆಯೊಳಗೆ ಬಿಡಬೇಕು. ಅದು ತಳದಲ್ಲಿ ಕಲ್ಲು ಕೊರೆಯುವ ಹಲ್ಲನ್ನು ತಂಪಾಗಿಡುತ್ತದೆ, ಪುಡಿಯಾದ ಕಲ್ಲನ್ನು ಹೊತ್ತು ಮೇಲೆ ಬರುತ್ತದೆ. ಗಟ್ಟಿಯಾದರೆ ಪಂಪು ಉಸಿರು ಕಟ್ಟುತ್ತದೆ, ನೀರಾದರೆ ಬಾವಿಯ ಗೋಡೆ ಕುಸಿಯುತ್ತದೆ. ಇಪ್ಪತ್ತೆರಡು ವರ್ಷ ಆ ಹದ ನೋಡಿದವಳು ಅವಳು. ತಕ್ಕಡಿಗೆ ಹಾಕುವ ಮೊದಲೇ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ತೂಕ ಹೇಳುತ್ತಿದ್ದಳು. ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯ ಬೂದುಬಣ್ಣ ಬಿಡುತ್ತಿರಲಿಲ್ಲ. "ನಿನ್ನ ಕೈ ಹಿಡಿದವನು ನಾನು, ಆದರೆ ಹಿಡಿದಿದ್ದು ನಿನ್ನ ಕೈಯೋ ಬಾವಿಯ ಕೈಯೋ ಇನ್ನೂ ಗೊತ್ತಾಗಿಲ್ಲ" ಎಂದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅವಳ ಗಂಡ ಗೇಲಿ ಮಾಡುತ್ತಿದ್ದ.

ಈ ಕತೆಯ ಬಾವಿ, ನೆಲದ ಬಿಸಿಗಾಗಿ ಊರ ಹೊರಗಿನ ಬಯಲಿನಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆ ಕೊರೆಸಿದ್ದು. ಮೂರು ವರ್ಷದ ಅನುದಾನ. ಅದರಲ್ಲಿ ಮೊದಲ ವರ್ಷವನ್ನು ಕಡತಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದು ಮುಗಿಸಿದವು. ಎರಡನೆಯ ವರ್ಷ ಯಂತ್ರದ ಒಂದು ಭಾಗಕ್ಕಾಗಿ ಕಾಯುವುದರಲ್ಲಿ ಹೋಯಿತು. ಮೂರನೆಯ ವರ್ಷ ಹಗಲಿರುಳು ಕೊರೆದು ಎರಡು ಸಾವಿರದ ನಾಲ್ಕುನೂರು ಮೀಟರ್ ಮುಟ್ಟುವ ಹೊತ್ತಿಗೆ ಅನುದಾನದ ಕೊನೆಯ ದಿನ ತಲೆಯ ಮೇಲೆ ಬಂದು ಕೂತಿತ್ತು. ಅಂದು ಸಂಜೆಯೊಳಗೆ ತಳದ ಉಷ್ಣತೆ ವರದಿಯಲ್ಲಿರಬೇಕು. ನೂರಿಪ್ಪತ್ತು ಡಿಗ್ರಿ ದಾಟಿದರೆ ಯೋಜನೆಗೆ ಮುಂದಿನ ಹಂತ, ದಾಟದಿದ್ದರೆ ಬಾವಿಗೆ ಸಿಮೆಂಟು ತುಂಬಿ ಮುಚ್ಚುವುದು.

ಯೋಜನೆಯ ಮುಖ್ಯಸ್ಥರು ದಪ್ಪ ಕನ್ನಡಕದ, ಮೆದು ಮಾತಿನ ವಿಜ್ಞಾನಿ. ಅಳೆಯುವ ಉಪಕರಣ ಎಲ್ಲೂ ಸಿಕ್ಕಿಕೊಳ್ಳಬಾರದು, ಬಾವಿಯನ್ನು ಚೊಕ್ಕ ತೊಳೆದುಬಿಡು ಎಂದು ಅವರೇ ಕೆಸರಕ್ಕನಿಗೆ ಹೇಳಿದ್ದರು. ಅವಳೂ ಮನಸ್ಸಿಟ್ಟು ತೊಳೆದಳು. ಎರಡು ದಿನ ತಣ್ಣನೆಯ ತೆಳುಕೆಸರು ಬಿಟ್ಟು, ಮೇಲೆ ಬರುವ ನೀರಲ್ಲಿ ಒಂದು ಚೂರು ಕಲ್ಲಿಲ್ಲದ ಹಾಗೆ ಮಾಡಿದಳು. ಕೊನೆಯ ದಿನ ಬೆಳಗಿನ ಐದಕ್ಕೆ ಪಂಪು ನಿಂತಿತು. ಹನ್ನೊಂದಕ್ಕೆ ಉಪಕರಣ ತಳ ಮುಟ್ಟಿತು. ತೊಂಬತ್ತಾರು ಡಿಗ್ರಿ.

ಅಂಕಿ ಕೇಳಿದ ಕೂಡಲೇ ಕೆಸರಕ್ಕನಿಗೆ ತಪ್ಪು ಹೊಳೆಯಿತು. ಎರಡು ದಿನ ತಾನೇ ತಣ್ಣೀರು ಕುಡಿಸಿದ ಬಾವಿಗೆ ಆರು ಗಂಟೆಯಲ್ಲಿ ಜ್ವರ ನೋಡಿದ್ದಾರೆ! ಮುಖ್ಯಸ್ಥರ ಕೋಣೆಗೆ ಹೋಗಿ, ಕಲ್ಲು ಮತ್ತೆ ತನ್ನ ಬಿಸಿಗೆ ಬರಲು ವಾರಗಟ್ಟಲೆ ಬೇಕು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು ಎಂದಳು. ಅವರು ಕನ್ನಡಕ ಒರೆಸಿದರು. ವರದಿಯ ನಮೂನೆ ತಿರುಗಿಸಿ ತೋರಿಸಿದರು. ಆಳ, ಉಷ್ಣತೆ, ದಿನಾಂಕ, ಸಹಿ ಇಷ್ಟಕ್ಕೆ ಜಾಗವಿತ್ತು. ಪಂಪು ನಿಂತು ಎಷ್ಟು ಹೊತ್ತಾಯಿತು ಎಂದು ಬರೆಯಲು ಒಂದು ಸಾಲೂ ಇರಲಿಲ್ಲ.

"ಅಂಚಿನಲ್ಲಿ ಬರೀರಿ ಸಾರ್."

"ಅಂಚಿನಲ್ಲಿ ಬರೆದಿದ್ದನ್ನ ಯಾರೂ ಓದಲ್ಲಮ್ಮ" ಎಂದು ಅವರು ಸಹಿ ಹಾಕಿದರು.

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಗೊತ್ತಿದ್ದೂ ಸುಮ್ಮನಿರುವ ಒಳ್ಳೆಯವರಿಂದ ಈ ಲೋಕಕ್ಕಾದಷ್ಟು ನಷ್ಟ ಕಳ್ಳರಿಂದಲೂ ಆಗಿಲ್ಲ. ಇದೇ ಸರ್ಕಾರಗಳು ನೆಲದಡಿಯ ಎಣ್ಣೆಗಾಗಿ ಬಾವಿಯ ಮೇಲೆ ಬಾವಿ ಕೊರೆಸಿವೆ. ಅಲ್ಲಿ ಎಣ್ಣೆ ಸಿಗದ ಬಾವಿಗೆ "ಅನುಭವ" ಎಂದು ಹೆಸರು. ಹೊಗೆಯಿಲ್ಲದ ಬಿಸಿಗಾಗಿ ಒಂದು ಬಾವಿ ತೋಡಿ ಆರು ಗಂಟೆಯಲ್ಲಿ ಫಲ ಕಾಣದಿದ್ದರೆ ಅದು "ದುಂದು". ಬೀಜ ಬಿತ್ತಿದ ದಿನವೇ ಮಣ್ಣು ಕೆದಕಿ ನೋಡಿ, ಮೊಳಕೆಯಿಲ್ಲ, ಹೊಲ ಮಾರಿ ಎನ್ನುವ ಬುದ್ಧಿ ಇದು.

ಕೊರೆಯುವ ಯಂತ್ರವನ್ನು ಬಿಚ್ಚಿಕೊಂಡು ಹೋದರು. ಸಿಮೆಂಟಿನ ಆದೇಶ ಬರುವವರೆಗೆ ಬಯಲು ಕಾಯಲು ಇಬ್ಬರು ಉಳಿದರು. ಕೆಸರಕ್ಕ ಒಬ್ಬಳು, ತಂತಿಯಲ್ಲಿ ಉಪಕರಣ ಇಳಿಸುವ ಗಾಳದಣ್ಣ ಇನ್ನೊಬ್ಬ. ಬಾವಿಗೆ ತಂತಿ ಬಿಟ್ಟು ಮೀನು ಹಿಡಿಯುವವನ ಹಾಗೆ ಕಾದು ಕೂರುತ್ತಾನೆಂದು ಅವನಿಗೆ ಆ ಹೆಸರು. ತಂತಿ ಸುತ್ತುವ ಯಂತ್ರವನ್ನು ಒಯ್ಯಲು ಲಾರಿ ಇನ್ನೂ ಬಂದಿರಲಿಲ್ಲ. ವಾರ ಕಳೆದ ಮೇಲೆ ಕೆಸರಕ್ಕ ಅವನ ಮುಂದೆ ಚಹಾ ಇಟ್ಟು, ಗಾಳ ಬಿಡಣ್ಣ ಎಂದಳು.

"ಯಾರು ಹೇಳಿದ್ರು?"

"ಬಿಡಬೇಡ ಅಂತ ಯಾರು ಹೇಳಿದ್ರು?"

ನೂರಹನ್ನೊಂದು ಬಂತು. ಎರಡನೆಯ ವಾರ ನೂರಹತ್ತೊಂಬತ್ತು. ನಾಲ್ಕನೆಯ ವಾರ ನೂರಿಪ್ಪತ್ತೇಳು. ಪ್ರತಿ ಸಲವೂ ದಿನ, ಗಂಟೆ, ಅಂಕಿ ಬರೆದು ಇಬ್ಬರೂ ಸಹಿ ಹಾಕಿದರು. ಪ್ರತಿಯೊಂದನ್ನೂ ಅವಳು ಮುಖ್ಯಸ್ಥರ ಕಚೇರಿಗೆ ಒಯ್ದು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಳು. ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಐದನೆಯ ವಾರ ಬಂದದ್ದು ಬಾವಿ ಮುಚ್ಚುವ ಆದೇಶ. ನೀರು ಬೆರೆಸಿದ ಸಿಮೆಂಟ್ ಹಾಲನ್ನು ಕಲಸಿ ಹದಕ್ಕೆ ತರುವ ಕೆಲಸ ಅವಳದೇ. ಅಷ್ಟು ಆಳಕ್ಕೆ ಬಿಡುವ ಹಾಲು ಸ್ವಲ್ಪ ಹದಗೆಟ್ಟರೂ ಅರ್ಧ ದಾರಿಯಲ್ಲೇ ಕಲ್ಲಾಗಿ ಕೂರುತ್ತದೆ. ಅದಕ್ಕೇ ತೂಕದ ಹಾಳೆಯಲ್ಲಿ ಅವಳ ಸಹಿಯಿಲ್ಲದೆ ಪಂಪು ಚಾಲೂ ಮಾಡುವಂತಿಲ್ಲ ಎಂಬುದು ಸಂಸ್ಥೆಯದೇ ನಿಯಮ.

ಅಂದು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು, ತಾನು ಕಲಸುವುದಿಲ್ಲವೆಂದು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಿಂಚಣಿಗೆ ಇನ್ನು ಎರಡೇ ವರ್ಷ ಎಂದ. ಊರಿಗೆಲ್ಲ ಬಿಸಿ ಕೊಡಲು ಹೊರಟವಳು ಮನೆಯ ಒಲೆಗೆ ನೀರು ಸುರಿಯುತ್ತೀಯಾ ಎಂದ. ಅವಳಿಗೆ ಅದಕ್ಕೆ ಸಿಟ್ಟು ಬರಲಿಲ್ಲ, ಏಕೆಂದರೆ ಅವನು ಹೇಳಿದ್ದು ಸುಳ್ಳಲ್ಲ.

"ತೊಂಬತ್ತಾರು ಬಂದಿದ್ದು ನನ್ನ ಕೈಯಿಂದ ಕಣ್ರೀ. ಅಷ್ಟು ಚೆನ್ನಾಗಿ ತಣ್ಣಗೆ ಮಾಡಿದವಳು ನಾನೇ. ಈಗ ಅದರ ಬಾಯಿಗೆ ಮಣ್ಣು ಹಾಕೋದೂ ನಾನೇನಾ?"

ಅವನು ಊಟ ಮುಗಿಸಿ ಎದ್ದ. ತಟ್ಟೆ ತೊಳೆದಿಟ್ಟು ಬಂದು, "ಹಂಗಾದ್ರೆ ಬಾಯಿ ಮಾತಲ್ಲಿ ಆಗಲ್ಲ ಅನ್ಬೇಡ. ಬಾಯಿ ಮಾತಲ್ಲಿ ಆಗಲ್ಲ ಅಂದವರನ್ನ ಸೊಕ್ಕಿನವರು ಅಂತಾರೆ. ಏನು ಕೇಳ್ತೀಯೋ ಕಾಗದದಲ್ಲಿ ಕೇಳು" ಎಂದ.

ಆರನೆಯ ವಾರ ಒಂದು ಬೆಳಿಗ್ಗೆ ಸಿಮೆಂಟಿನ ಮೂರು ಲಾರಿ ಬಂದು ನಿಂತವು. ಕೇಂದ್ರ ಕಚೇರಿಯ ಅಧಿಕಾರಿ ಹೊಳೆಯುವ ಬೂಟಿನಲ್ಲಿ ಜೀಪಿನಿಂದ ಇಳಿದರು. ಹಿಂದೆಯೇ ಮುಖ್ಯಸ್ಥರು. ಹಿಂದಿನ ದಿನದ ಅಳತೆ ನೂರಮೂವತ್ತೊಂದು. ಕೆಸರಕ್ಕ ಕಲಸುವ ತೊಟ್ಟಿಯ ಕಟ್ಟೆಯ ಮೇಲೆ ಎರಡು ಹಾಳೆ ಇಟ್ಟುಕೊಂಡು ಕಾದಿದ್ದಳು.

ಅಧಿಕಾರಿ ಕೈಗಡಿಯಾರ ನೋಡಿ, ಯಾಕಿನ್ನೂ ತೊಟ್ಟಿಗೆ ನೀರು ಬಿಟ್ಟಿಲ್ಲ ಎಂದರು. ಅವಳು ಮೊದಲ ಹಾಳೆ ಕೊಟ್ಟಳು. ಆರು ವಾರದ ಅಂಕಿಗಳು. ಅವರು ಮೂಗು ಮುರಿದು, ಅಳೆಯಲು ನಿಮಗೆ ಅನುಮತಿ ಕೊಟ್ಟವರು ಯಾರು, ಇದಕ್ಕೆ ಬೆಲೆಯಿಲ್ಲ ಎಂದರು. ಆಮೇಲೆ ನಕ್ಕು ಕೇಳಿದರು: "ಏನಮ್ಮ, ವಿಜ್ಞಾನ ಓದಿದೀರಾ?"

"ಇಲ್ಲ ಸಾರ್. ಓದಿದವರು ನಿಮ್ಮ ಹಿಂದೆ ನಿಂತಿದ್ದಾರೆ. ಅವರನ್ನೇ ಕೇಳಿ."

ಮುಖ್ಯಸ್ಥರ ಕೈ ಕನ್ನಡಕಕ್ಕೆ ಹೋಯಿತು, ಒರೆಸಲಿಲ್ಲ.

ಅವಳು ಎರಡನೆಯ ಹಾಳೆ ಮುಂದಿಟ್ಟಳು. ಅದರಲ್ಲಿ ಒಂದೇ ವಾಕ್ಯ: ತಳದ ಉಷ್ಣತೆ ನೂರಮೂವತ್ತೊಂದು ಡಿಗ್ರಿ ಎಂಬ ದಾಖಲೆ ನೋಡಿದ ನಂತರವೂ ಈ ಬಾವಿಯನ್ನು ಮುಚ್ಚಲು ಆದೇಶಿಸುತ್ತೇನೆ. ಕೆಳಗೆ ಸಹಿಗೆ ಜಾಗ.

"ಇಬ್ಬರಲ್ಲಿ ಯಾರಾದ್ರೂ ಒಬ್ಬರು ಸಹಿ ಹಾಕಿ ಸಾರ್. ಹಾಕಿದ ತಕ್ಷಣ ಕಲಸ್ತೀನಿ. ನನ್ನಷ್ಟು ಹದವಾಗಿ ಯಾರೂ ಕಲಸಲ್ಲ, ಅದು ನಿಮಗೂ ಗೊತ್ತು."

ಅಧಿಕಾರಿ ಪೆನ್ನು ತೆಗೆದರು. ವಾಕ್ಯವನ್ನು ಎರಡು ಸಲ ಓದಿದರು. ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಪೆನ್ನನ್ನು ಮುಖ್ಯಸ್ಥರ ಕಡೆ ಚಾಚಿದರು. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಆಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು, "ತೊಂಬತ್ತಾರು ಬಂದಿದ್ದು ಪಂಪು ನಿಂತ ಆರೇ ಗಂಟೆಗೆ ಸಾರ್. ನನಗೆ ಅವತ್ತೇ ಗೊತ್ತಿತ್ತು" ಎಂದರು. ಜೋರಾಗಿಯೇನೂ ಅಲ್ಲ. ಆದರೆ ಲಾರಿ ಚಾಲಕರಿಗೂ ಕೇಳಿಸಿತು.

ಲಾರಿಗಳು ತುಂಬಿದ ಹೊಟ್ಟೆಯಲ್ಲೇ ವಾಪಸು ಹೋದವು. ಗಾಳದಣ್ಣ ತೊಟ್ಟಿಯ ಹಿಂದೆ ಕೂತು ನಗುತ್ತಿದ್ದ.

ಮೂರನೆಯ ದಿನ ಕೆಸರಕ್ಕನಿಗೆ ಅಮಾನತಿನ ಪತ್ರ ಬಂತು. ಆರೋಪ ಎರಡು: ಅನುಮತಿಯಿಲ್ಲದೆ ಸರ್ಕಾರಿ ಉಪಕರಣ ಬಳಸಿದ್ದು, ಆದೇಶ ಪಾಲಿಸದೇ ಇದ್ದದ್ದು. ಅವಳು ಉತ್ತರ ಬರೆಯಲು ಕೂತಳು. ಬಳಸಿದ್ದು ಹೌದು, ಪಾಲಿಸದೇ ಇದ್ದದ್ದೂ ಹೌದು, ನಾಳೆ ಮತ್ತೆ ಕೇಳಿದರೂ ಇದೇ ಉತ್ತರ ಎಂದು ಬರೆದಳು. ಗಂಡ ಓದಿ, ಕೊನೆಯ ಮಾತು ತೆಗೆದರೆ ಒಳ್ಳೆಯದು ಎಂದ. ಅವಳು ತೆಗೆಯಲಿಲ್ಲ. ಅವನೇ ಅಂಚೆಗೆ ಹಾಕಿ ಬಂದ.

ಬಾವಿಯ ಬಾಯಿಗೆ ಈಗ ಬರೀ ಉಕ್ಕಿನ ಮುಚ್ಚಳವಿದೆ. ಮರುಪರಿಶೀಲನೆಗೆ ಸಮಿತಿ ರಚಿಸಿದ್ದಾರೆ. ಸಮಿತಿ ಕೂರಲು ಅನುದಾನ ಬೇಕಂತೆ, ಅದರ ಕಡತ ಹೊರಟಿದೆಯಂತೆ. ಮುಚ್ಚುವ ಆದೇಶ ರದ್ದಾಗಿಲ್ಲ. ಬೇರೆ ಊರಿನಿಂದ ಸಿಮೆಂಟು ಕಲಸುವವರನ್ನು ಕರೆಸುವ ಮಾತೂ ನಡೆದಿದೆ. ಅವರ ಮುಂದೆ ಹಾಳೆ ಹಿಡಿದು ನಿಲ್ಲಲು ಕೆಸರಕ್ಕನನ್ನು ಗೇಟಿನೊಳಗೆ ಬಿಡುವುದಿಲ್ಲ.

ನಿಮ್ಮನ್ನು ಸಂಸ್ಥೆಯ ಕಚೇರಿಯೊಳಗೆ ಬಿಡಲೇಬೇಕು. ಆ ಬಾವಿ ನಿಮ್ಮ ದುಡ್ಡಿನದು. "ಪ್ರಯೋಗ ಫಲ ಕೊಡಲಿಲ್ಲ" ಎಂಬ ಒಂದು ಸಾಲು ಪತ್ರಿಕೆಯ ಮೂಲೆಯಲ್ಲಿ ಕಂಡರೆ ಪುಟ ತಿರುಗಿಸಬೇಡಿ. ಮಾಹಿತಿ ಹಕ್ಕಿನಡಿ ಅರ್ಜಿ ಬರೆಯಿರಿ. ಎಷ್ಟು ಹೊತ್ತು ಕಾದು ಅಳೆದಿರಿ, ಮುಚ್ಚಿ ಎಂದು ಸಹಿ ಹಾಕಿದವರು ಯಾರು ಎಂದು ಕೇಳಿ. ಉತ್ತರ ಕೈಗೆ ಬರುವವರೆಗೆ ಆ ಕಚೇರಿಯ ಮೆಟ್ಟಿಲಿಂದ ಏಳಬೇಡಿ.