ಅತ್ತೆಯೆಂಬ ಕೋಟು

ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಯ ಬಾಯಿಗೇ ನಿಲ್ಲುವವನನ್ನು ಎಲ್ಲರೂ ಕೆಂಡಣ್ಣ ಎನ್ನುತ್ತಿದ್ದರು. ಹೆಸರಿಗೆ ತಕ್ಕ ಜಂಬವೂ ಇತ್ತು. ಬಿಸಿಲಿಗೆ ಹೆದರಿ ನೆರಳು ಹುಡುಕುವವರನ್ನು ಕಂಡರೆ ಅವನಿಗೆ ನಗು.

ಇಂಥವನಿಗೂ ಉಳಿದ ಕೆಲಸಗಾರರಿಗೂ ಕಂಪನಿ ಒಂದೊಂದು ಜಾಣ ಕೋಟು ಕೊಟ್ಟಿತು. ಬಟ್ಟೆಯ ನೂಲಿನಲ್ಲೇ ಸೆನ್ಸರ್. ಮೈ ಕಾದರೆ, ಎದೆಬಡಿತ ತಪ್ಪಿದರೆ ಕೀ ಕೀ ಎಂದು ಕಿರುಚಿ, ಕಾರ್ಖಾನೆಯ ಡಾಕ್ಟರಿಗೂ ಚಾಡಿ ಹೇಳುತ್ತಿತ್ತು. ಕೂತರೂ ತಪ್ಪು, ನಿಂತರೂ ತಪ್ಪು ಎನ್ನುವ ಅದಕ್ಕೆ ಕೆಲಸಗಾರರು ‘ಅತ್ತೆ’ ಎಂದು ಹೆಸರಿಟ್ಟರು. ಯಾರ ಅತ್ತೆ ಪದೇ ಪದೇ ಕಿರುಚಿದಳೋ ಅವರನ್ನು ಕುಲುಮೆಯಿಂದ ಎತ್ತಿ ಗೇಟಿಗೆ ಹಾಕುತ್ತಿದ್ದರು. ಕೆಂಡಣ್ಣನಿಗೆ ಗೇಟು ಕಾಯುವುದೆಂದರೆ ಬದುಕಿದ್ದೂ ಸತ್ತಂತೆ.

ಅದಕ್ಕೇ ಉಪಾಯ ಹೂಡಿದ. ತಣ್ಣೀರಲ್ಲಿ ನೆನೆಸಿದ ಬಟ್ಟೆಯನ್ನು ಕಾಲರಿನೊಳಗೆ, ಮೈಬಿಸಿ ನೋಡುವ ಪಟ್ಟಿಯ ಕೆಳಗೆ ತುರುಕಿದ. ಅತ್ತೆ ತೆಪ್ಪಗಾದಳು. ಆ ಖುಷಿಯಲ್ಲಿ ಒಂದು ದಿನ ಬಟ್ಟೆಯ ಜೊತೆ ಐಸ್ ತುಂಡನ್ನೂ ಇಟ್ಟ.

ಈ ಮನುಷ್ಯನ ಮೈ ತಣ್ಣಗಾಗುತ್ತಿದೆ ಎಂದು ಕೋಟು ಡಾಕ್ಟರಿಗೆ ತಿಳಿಸಿತು. ಸ್ಟ್ರೆಚರ್ ಹೊತ್ತವರು ಓಡೋಡಿ ಬಂದಾಗ ಹೆಣ ಟೀ ಕುಡಿಯುತ್ತಿತ್ತು. ಇಡೀ ಕಾರ್ಖಾನೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮನೆಗೂ ಫೋನ್ ಮಾಡಿದ್ದರು. ಹೆಂಡತಿ ಬರಿಗಾಲಲ್ಲಿ ಓಡಿ ಬಂದಳು. ನಿಂತಿದ್ದ ಗಂಡನನ್ನು ಕಂಡು ಅಲ್ಲೇ ಕುಸಿದು ಅತ್ತಳು.

ಅವನು ಕಾಲರಿನ ಬಟ್ಟೆ ಕಿತ್ತೆಸೆದು, ಅವಳನ್ನು ಎಬ್ಬಿಸಲು ಬಗ್ಗಿದ. ಕೋಟು ಮತ್ತೆ ಕಿರುಚಿತು. ಈ ಸಲ ಯಾರೂ ಕದಲಲಿಲ್ಲ.

“ಅದಕ್ಕೆ ಬುದ್ಧಿ ಇಲ್ಲ, ಬಿಡೇ,” ಎಂದ.

ಅವಳು ಅವನ ಕೈ ಹಿಡಿದು ನೋಡಿದಳು. “ಬುದ್ಧಿ ಇಲ್ದಿರೋದು ನಿಮಗೆ. ಕೈಯೆಲ್ಲಾ ತಣ್ಣನೆ ಬೆವರು, ತುಟಿ ಕಪ್ಪಿಟ್ಟಿದೆ. ಏಯ್, ಆ ಸ್ಟ್ರೆಚರ್ ವಾಪಸ್ ತನ್ರೋ!”

ಈ ಸಲ ಎದೆಬಡಿತ ನಿಜವಾಗಿಯೂ ತಪ್ಪಿತ್ತು. ಜೀವ ಉಳಿಯಿತು, ಕುಲುಮೆ ಉಳಿಯಲಿಲ್ಲ. ಈಗ ಗೇಟಿನಲ್ಲಿ ಒಳಹೋಗುವವರ ಕೋಟು ತಡಕುವ ಕೆಲಸ ಅವನದೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟರು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ, ಎಲ್ಲಿ ತಡಕಬೇಕೆಂದು ಅವನಷ್ಟು ಬಲ್ಲವರು ಬೇರೆ ಯಾರಿದ್ದರು?

ಮೊನ್ನೆ, ಅವನ ಜಾಗಕ್ಕೆ ಬಂದಿದ್ದ ಹೆಂಡತಿಯ ತಮ್ಮನ ಕಾಲರಿನಲ್ಲೇ ಒದ್ದೆ ಬಟ್ಟೆ ಸಿಕ್ಕಿತು.

“ಇವತ್ತೊಂದು ದಿನ ಬಿಡಿ, ಭಾವ. ಇಲ್ಲಾಂದ್ರೆ ನನ್ನನ್ನೂ ಗೇಟಿಗೆ ಹಾಕ್ತಾರೆ.”

ಕೆಂಡಣ್ಣ ಬಟ್ಟೆ ಹಿಂಡಿ ತನ್ನ ಕಿಸೆಗೆ ಹಾಕಿಕೊಂಡ.

“ಹಾಕ್ಲಿ ಬಿಡು, ಇಲ್ಲಿ ಇನ್ನೊಂದು ಕುರ್ಚಿ ಇದೆ. ನಿಮ್ಮಕ್ಕ ಮತ್ತೊಂದ್ಸಲ ಬರಿಗಾಲಲ್ಲಿ ಓಡಿ ಬರೋದು ಬೇಡ ಕಣೋ.”