ಚಾಲಿಯ ಸಾಲಿಗೆ ಬಿದ್ದ ಕಾಳುಮೆಣಸು

ಕೊರೊನಾ ಗಲಾಟೆ ಮುಗಿದ ವರ್ಷ. ಶಿರಸಿಯ ಚಿಕ್ಕ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ಮಂಡಿಯಿದ್ದ ವ್ಯಾಪಾರಿಯೊಬ್ಬರ ಹರಾಜಿನ ಟೆಂಡರ್ ನಡೆಸಲು ಜಾವಾದಲ್ಲಿ ಪ್ರೋಗ್ರಾಂ ಬರೆದಿದ್ದೆ. ಮೂರೂ ಊರಿನ ಉಸ್ತುವಾರಿ ನನಗೇ ಎಂದು ಮನೆಯಲ್ಲೂ ಹೇಳಿಕೊಂಡಿದ್ದೆ. ಆಗ ಸೇರಿದವಳು ಯಲ್ಲಾಪುರದ ಲಾರಿ ಮಾಲೀಕರ ಮಗಳು ನಫೀಸಾ. ಬಂದ ವಾರವೇ ಎಲ್ಲರ ಬಾಯಲ್ಲೂ ಅವಳ ಹೆಸರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಯ ರಾಶಿಗಳಿಗೆ ನಾನು ಅರೇ, ಅಂದರೆ ಅಳತೆ ಗೊತ್ತುಮಾಡಿದ ಒಂದು ಸಾಲು, ಮಾಡಿದ್ದೆ. ಸೇರಿಸುವ ಕೆಲಸ ಎಲ್ಲ ಮಾಲಿಗೂ ಒಂದೇ ಇರಲೆಂದು ಅದನ್ನು ‘ಸರಕು’ಗಳ ಅರೇ ಎಂದೇ ಪ್ರೋಗ್ರಾಮಿನ ಮುಂದಿನ ಭಾಗಕ್ಕೆ ಕಳಿಸಿದ್ದೆ. ಚಾಲಿಯೂ ಸರಕೇ ಅಲ್ಲವೇ? ಓಡಿಸುವ ಮೊದಲು ತಪ್ಪು ಹುಡುಕುವ ಕಂಪೈಲರ್ ತಕರಾರು ತೆಗೆಯಲಿಲ್ಲ. ಆದರೆ ನಮ್ಮ ಕಡೆ ಅಡಿಕೆ ತಂದವರು ಒಂದು ಚೀಲ ಕಾಳುಮೆಣಸನ್ನೂ ತಂದು ಅದೇ ಸಾಲಿನ ಕೊನೆಗೆ ಇಡುತ್ತಾರೆ. ಪ್ರಯೋಗದ ದಿನ ಗುಮಾಸ್ತರು ಹಾಗೆಯೇ ಸೇರಿಸಿದರು. ಹೆಸರಿಗೆ ಸರಕಿನದಾದರೂ ಒಳಗೆ ಚಾಲಿಗೆಂದೇ ಮಾಡಿದ ಆ ಅರೇಗೆ ಮೆಣಸು ಬಿದ್ದದ್ದೇ ತಡ, ವ್ಯಾಪಾರಿಗಳ ಎದುರೇ ಪ್ರೋಗ್ರಾಂ ನಿಂತಿತು.

ನಮ್ಮ ಕಚೇರಿಯ ಮಾಲೀಕ ಗಜಣ್ಣ ಬದಿಗೆ ಕರೆದ. “ಎಂತಾತೇ ಸುಮಾ? ಎಲ್ಲರ ಎದುರಿಗೇ ನಿಂತೋತಲೇ! ಇದನ್ನ ನಫೀಸಾ ನೋಡಲಿ. ಬೇಜಾರ ಮಾಡ್ಕ್ಯಳಡ.”

ಬೇಜಾರಲ್ಲ, ಮೈಯೆಲ್ಲ ಉರಿ. ಅವಳೂ ಎಡವಲಿ ಎಂದು ಕಾದೆ.

ಅವಳು ಅರೇ ಬಿಟ್ಟು ಜೆನೆರಿಕ್ ಲಿಸ್ಟ್ ಹಿಡಿದಳು. ಒಳಗೆ ಯಾವ ಬಗೆಯ ಮಾಲು ಎಂದು ಮೊದಲೇ ಹೇಳಿಡುವ ಪಟ್ಟಿ ಅದು. ಚಾಲಿಯ ಲಿಸ್ಟನ್ನು ಸರಕಿನ ಲಿಸ್ಟ್ ಎಂದು ಕಳಿಸಲು ಕಂಪೈಲರ್ ಬಿಡುವುದಿಲ್ಲ. ಹಾಗಾಗಿ ಶುರುವಿನಿಂದಲೇ ಸರಕಿನ ಲಿಸ್ಟ್ ಮಾಡಿದಳು. ಆಮೇಲೆ ಮೂರು ಊರಿನ ಮೂರು ಲಿಸ್ಟ್‌ಗಳನ್ನು ಒಂದು ಅರೇಯಲ್ಲಿಡಲು ಹೊರಟಳು. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಗೆರೆ! ಜೆನೆರಿಕ್ ಲಿಸ್ಟ್‌ಗಳ ಅರೇ ಮಾಡಲು ಜಾವಾ ಒಪ್ಪುವುದಿಲ್ಲ. ನನಗೆ ಹಬ್ಬ.

ಅವಳು ನಕ್ಕಳು. “ಸುಮಕ್ಕ, ಇದು ಬಿಡೂದೇ ಇಲ್ಲ ನೋಡ್ರಿ.” ಅರೇ ಅಳಿಸಿ, ಲಿಸ್ಟ್‌ಗಳದ್ದೇ ಒಂದು ಲಿಸ್ಟ್ ಮಾಡಿದಳು. ಗೆರೆ ಹೋಯಿತು. ಮುಂದಿನ ಟೆಂಡರಿನಲ್ಲಿ ಮೆಣಸೂ ಅಡಿಕೆಯೂ ತಕರಾರಿಲ್ಲದೆ ಮಾರಾಟವಾದವು, ಉಸ್ತುವಾರಿ ಅವಳ ಪಾಲಾಯಿತು.

ಆ ಉಸ್ತುವಾರಿಯ ಮೇಲಿನ ಆಸೆ ಈಗಿಲ್ಲ. ಆದರೆ ಆ ಕೆಂಪು ಗೆರೆಯ ಬಗ್ಗೆ ಇಂದಿಗೂ ಹೊಟ್ಟೆಕಿಚ್ಚಿದೆ. ತಪ್ಪನ್ನು ಬೇಗ ಹೇಳುವುದೇ ಒಳ್ಳೆಯ ಪ್ರೋಗ್ರಾಂ ಎಂದು ನನ್ನ ಕೆಲಸ ಕಲಿಸಿತು. ಅವಳ ತಪ್ಪು ಅವಳ ಮೇಜಿನ ಮೇಲೇ ಸಿಕ್ಕಿತು. ನನ್ನದು ಮಂಡಿಯ ತನಕ ಹೋಗಿ, ಎಲ್ಲರಿಗೂ ಕಂಡಿತು.